ಹಿರಿಯರ ಆರೋಗ್ಯ ವಿಮೆ: ಬ್ರೋಕರ್ ಯಾರ ಪರ?

2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಪ್ರೀಮಿಯಂ ಮೇಲಿದ್ದ ಶೇಕಡಾ 18ರ ಜಿಎಸ್‌ಟಿ ಪೂರ್ಣವಾಗಿ ರದ್ದಾಯಿತು. ಅದೇ ವರ್ಷದ ಜನವರಿ 30ರಂದು ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು, ಅರವತ್ತು ದಾಟಿದವರ ಪ್ರೀಮಿಯಂ ಅನ್ನು ತನ್ನೊಡನೆ ಮುಂಚಿತವಾಗಿ ಸಮಾಲೋಚಿಸದೆ ವರ್ಷಕ್ಕೆ ಶೇಕಡಾ 10ಕ್ಕಿಂತ ಹೆಚ್ಚು ಏರಿಸಕೂಡದೆಂದು ಕಂಪನಿಗಳಿಗೆ ಆದೇಶಿಸಿತ್ತು. 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳು, 65 ವರ್ಷದವರೆಗಿನವರಿಗೆ ಮಾತ್ರ ಹೊಸ ಪಾಲಿಸಿ ನೀಡಿದರೆ ಸಾಕು ಎಂಬ ಹಳೆಯ ಕಟ್ಟಳೆಯನ್ನು ಅಳಿಸಿಹಾಕಿದವು. ಮೂರನ್ನೂ ಒಟ್ಟಿಗೆ ನೋಡಿದರೆ, ನಮ್ಮ ತಂದೆ ತಾಯಂದಿರ ವಯಸ್ಸಿನವರಿಗೆ ವಿಮೆಯ ಬಾಗಿಲು ಹಿಂದೆಂದಿಗಿಂತ ಅಗಲವಾಗಿ ತೆರೆದಿದೆ ಎನ್ನಬೇಕು.

ಬಾಗಿಲು ತೆರೆದುದನ್ನು ಕಂಡು ಮಧ್ಯವರ್ತಿಗಳೂ ಹೊಸ್ತಿಲಿಗೆ ಬಂದು ನಿಂತಿದ್ದಾರೆ. ಮಹಾನಗರಗಳಲ್ಲಿ ನೆಲೆಸಿದ ನಮ್ಮ ಅನೇಕ ಕುಟುಂಬಗಳಿಗೆ ಈಗ ದಿನ ಬಿಟ್ಟು ದಿನ ದೂರವಾಣಿ ಕರೆ ಬರುತ್ತದೆ. ಕರೆ ಮಾಡಿದವರು ತಮ್ಮನ್ನು ಏಜೆಂಟ್ ಎಂದು ಕರೆದುಕೊಳ್ಳುವುದಿಲ್ಲ. ಸಲಹೆಗಾರ, ಪರಿಣತ, ಬ್ರೋಕರ್ ಎನ್ನುತ್ತಾರೆ. ಹತ್ತಿಪ್ಪತ್ತು ಕಂಪನಿಗಳ ಪಾಲಿಸಿಗಳನ್ನು ತೂಗಿ ನೋಡಿ ನಿಮ್ಮ ತಂದೆಯವರಿಗೆ ಒಪ್ಪುವುದನ್ನು ಆರಿಸಿ ಕೊಡುತ್ತೇವೆ, ನೀವು ಒಂದು ಪೈಸೆಯನ್ನೂ ಪ್ರತ್ಯೇಕವಾಗಿ ಕೊಡಬೇಕಾಗಿಲ್ಲ ಎಂಬುದು ಅವರ ಮಾತು. ಆ ಮಾತಿನಲ್ಲಿ ಎಷ್ಟು ಹುರುಳಿದೆ, ಎಲ್ಲಿ ಎಚ್ಚರ ಬೇಕು ಎಂಬುದನ್ನು ವಿವೇಚಿಸುವುದು ಈ ಬರಹದ ಉದ್ದೇಶ.

ಮೊದಲಿಗೆ ಹೆಸರುಗಳ ಗೊಂದಲವನ್ನು ಬಗೆಹರಿಸಿಕೊಳ್ಳೋಣ. ಏಜೆಂಟ್ ಎಂಬಾತ ಕಂಪನಿಯ ಪ್ರತಿನಿಧಿ. ಆರೋಗ್ಯ ವಿಮೆಯ ಮಟ್ಟಿಗೆ ಅವರ ಕೈಯಲ್ಲಿರುವುದು ಒಂದು ಸಾಮಾನ್ಯ ವಿಮಾ ಕಂಪನಿ ಹಾಗೂ ಒಂದು ಆರೋಗ್ಯ ವಿಮಾ ಕಂಪನಿಯ ಸರಕು ಮಾತ್ರ. ನಮ್ಮ ಉಳಿತಾಯ ಖಾತೆ ಇರುವ ಬ್ಯಾಂಕು ವಿಮೆ ಮಾರುವಾಗ ಅದು ಸಾಂಸ್ಥಿಕ ಏಜೆಂಟ್; 2022ರಿಂದ ಅದು ಪ್ರತಿ ವಿಭಾಗದಲ್ಲಿ ಒಂಬತ್ತು ಕಂಪನಿಗಳವರೆಗೆ ಒಪ್ಪಂದ ಮಾಡಿಕೊಳ್ಳಬಹುದಾದರೂ ಅದೂ ಕಂಪನಿಯ ಪಕ್ಷದ್ದೇ. ಬ್ರೋಕರ್ ಮಾತ್ರ ಕಾನೂನಿನ ಕಣ್ಣಿನಲ್ಲಿ ಗ್ರಾಹಕನ ಪ್ರತಿನಿಧಿ. ಭಾರತದಲ್ಲಿ ಈ ವೃತ್ತಿಗೆ ಮೊದಲ ನಿಯಮಾವಳಿ ಬಂದುದು 2002ರಲ್ಲಿ. ಬಳಿಕ 2013ರಲ್ಲಿ ಮತ್ತು 2018ರಲ್ಲಿ ಅದು ಪರಿಷ್ಕೃತವಾಯಿತು. 2018ರ ನಿಯಮಗಳಂತೆ ನೇರ ಬ್ರೋಕರ್ ಸಂಸ್ಥೆಗೆ ಕನಿಷ್ಠ 75 ಲಕ್ಷ ರೂಪಾಯಿ ಬಂಡವಾಳವಿರಬೇಕು. ತನ್ನ ವೃತ್ತಿದೋಷದಿಂದ ಗ್ರಾಹಕನಿಗೆ ನಷ್ಟವಾದರೆ ತುಂಬಿಕೊಡಲು ಅದು ತಾನೇ ಹೊಣೆಗಾರಿಕೆ ವಿಮೆ ಮಾಡಿಸಿರಬೇಕು. ಮಾರುಕಟ್ಟೆಯಲ್ಲಿರುವ ಯಾವ ಕಂಪನಿಯ ಪಾಲಿಸಿಯನ್ನಾದರೂ ಸೂಚಿಸುವ ಸ್ವಾತಂತ್ರ್ಯ ಅದಕ್ಕಿದೆ, ಕ್ಲೇಮಿನ ಸಮಯದಲ್ಲಿ ನೆರವಾಗುವ ಕರ್ತವ್ಯವೂ ಇದೆ. ಹಿಂದೆ ಹೋಲಿಕೆಯ ಪಟ್ಟಿ ತೋರಿಸುವ ಜಾಲತಾಣವಾಗಿದ್ದ ಪಾಲಿಸಿಬಜಾರ್ ಕೂಡ 2021ರಲ್ಲಿ ಬ್ರೋಕರ್ ಪರವಾನಗಿ ಪಡೆದುಕೊಂಡಿತು. ಆದ್ದರಿಂದ ಇಂದು ಈ ಪದದ ವ್ಯಾಪ್ತಿ ದೊಡ್ಡದು: ಮೂರು ಕೋಣೆಯ ಕಚೇರಿಯಲ್ಲಿ ಇಪ್ಪತ್ತು ವರ್ಷಗಳಿಂದ ಕೂತವರೂ ಬ್ರೋಕರ್, ಸಾವಿರಾರು ಮಂದಿಯನ್ನು ಕರೆ ಕೇಂದ್ರದಲ್ಲಿ ಕೂರಿಸಿದ ಸಂಸ್ಥೆಯೂ ಬ್ರೋಕರ್.

ಇಲ್ಲಿ ಒಂದು ಸೂಕ್ಷ್ಮವಿದೆ. ಪರವಾನಗಿ ಇರುವುದು ಸಂಸ್ಥೆಗೆ. ಸಂಸ್ಥೆಯ ಪರವಾಗಿ ಸಲಹೆ ಕೊಡುವ ಅರ್ಹ ವ್ಯಕ್ತಿಗಳು ಪುಣೆಯ ರಾಷ್ಟ್ರೀಯ ವಿಮಾ ಅಕಾಡೆಮಿಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕು. ಆದರೆ ನಮಗೆ ಕರೆ ಮಾಡುವವರು ಹಲವು ವೇಳೆ ಆ ಪರೀಕ್ಷೆ ಬರೆದವರಾಗಿರುವುದಿಲ್ಲ. 2015ರಲ್ಲಿ ಪ್ರಾಧಿಕಾರ ಸೃಷ್ಟಿಸಿದ ‘ಪಾಯಿಂಟ್ ಆಫ್ ಸೇಲ್ಸ್’ ವರ್ಗಕ್ಕೆ ಸೇರಿದವರಾಗಿರುತ್ತಾರೆ. ಆ ವರ್ಗಕ್ಕೆ ಹತ್ತನೆಯ ತರಗತಿಯ ವಿದ್ಯಾರ್ಹತೆ ಮತ್ತು ಹದಿನೈದು ಗಂಟೆಯ ತರಬೇತಿ ಸಾಕೆಂದು ನಿಗದಿಯಾಗಿತ್ತು. ಎಪ್ಪತ್ತೆರಡು ವಯಸ್ಸಿನ, ಸಕ್ಕರೆ ಕಾಯಿಲೆಯುಳ್ಳ, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡ ವ್ಯಕ್ತಿಯ ಪಾಲಿಸಿಯನ್ನು ಹದಿನೈದು ಗಂಟೆಯ ವಿದ್ಯೆ ನಿರ್ಣಯಿಸುವುದು ಸರಿಯೆಂದು ನಮಗೆ ತೋರುವುದಿಲ್ಲ. ನೀವು ಯಾವ ವರ್ಗದವರು ಎಂದು ಕರೆ ಮಾಡಿದವರನ್ನೇ ಕೇಳುವುದರಲ್ಲಿ ಸಂಕೋಚವೇನೂ ಬೇಕಿಲ್ಲ.

ಬ್ರೋಕರ್ ನಮ್ಮ ಪ್ರತಿನಿಧಿ ಎಂದೆವು. ಆದರೆ ಅವರಿಗೆ ಸಂಬಳ ಕೊಡುವುದು ಎದುರು ಪಕ್ಷ. ನಾವು ತೆತ್ತ ಪ್ರೀಮಿಯಂನಿಂದ ಕಂಪನಿ ಅವರಿಗೆ ಕಮಿಷನ್ ಕೊಡುತ್ತದೆ. 2023ರ ಏಪ್ರಿಲ್‌ಗೆ ಮೊದಲು ವೈಯಕ್ತಿಕ ಆರೋಗ್ಯ ವಿಮೆಯಲ್ಲಿ ಕಮಿಷನ್ನಿಗೆ ಶೇಕಡಾ 15ರ ಮಿತಿಯಿತ್ತು. ಆಮೇಲೆ ಆ ಪ್ರತ್ಯೇಕ ಮಿತಿ ಹೋಗಿ, ಕಂಪನಿಯ ಒಟ್ಟು ನಿರ್ವಹಣಾ ವೆಚ್ಚಕ್ಕೆ ಮಾತ್ರ ಮಿತಿ ಉಳಿಯಿತು: ಸಾಮಾನ್ಯ ವಿಮಾ ಕಂಪನಿಗಳಿಗೆ ಪ್ರೀಮಿಯಂನ ಶೇಕಡಾ 30, ಆರೋಗ್ಯ ವಿಮೆಯೊಂದನ್ನೇ ಮಾಡುವ ಕಂಪನಿಗಳಿಗೆ ಶೇಕಡಾ 35. ಅದರೊಳಗೆ ಯಾವ ಕಂಪನಿ ಯಾವ ಬ್ರೋಕರಿಗೆ ಎಷ್ಟು ಕೊಡುತ್ತದೆಂಬುದು ಅವರವರ ಒಪ್ಪಂದ. 2025ರಲ್ಲಿ ಜಿಎಸ್‌ಟಿ ಹೋದಾಗ ಕಂಪನಿಗಳಿಗೆ ಹೂಡುವಳಿ ತೆರಿಗೆಯ ಮರುಪಡೆಯುವಿಕೆಯೂ ತಪ್ಪಿತು. ಹಲವು ಕಂಪನಿಗಳು ಆ ಭಾರವನ್ನು ಮಧ್ಯವರ್ತಿಗಳ ಕಮಿಷನ್ನಿಗೆ ವರ್ಗಾಯಿಸಿದವೆಂಬ ವರದಿಗಳು ಆ ಅಕ್ಟೋಬರಿನಲ್ಲಿ ಬಂದವು. ಪ್ರತಿ ಪಾಲಿಸಿಯಿಂದ ಬರುವ ಆದಾಯ ಇಳಿದಾಗ ಹೆಚ್ಚು ಪಾಲಿಸಿ, ದೊಡ್ಡ ಪಾಲಿಸಿ ಮಾರುವ ಒತ್ತಡ ಏರುವುದು ವ್ಯಾಪಾರದ ಸಹಜ ಗತಿ.

ಈ ಒತ್ತಡದ ಪರಿಣಾಮ ಬ್ರೋಕರ್ ಏನನ್ನು ಹೇಳುತ್ತಾರೆ ಎಂಬುದಕ್ಕಿಂತ ಏನನ್ನು ಹೇಳುವುದಿಲ್ಲ ಎಂಬುದರಲ್ಲಿ ಕಾಣಿಸುತ್ತದೆ. 2024ರ ಅಕ್ಟೋಬರ್ 29ರಂದು ಕೇಂದ್ರ ಸರಕಾರವು ಆಯುಷ್ಮಾನ್ ಭಾರತ ಯೋಜನೆಯನ್ನು ಎಪ್ಪತ್ತು ದಾಟಿದ ಎಲ್ಲರಿಗೂ, ಆದಾಯದ ಮಿತಿಯಿಲ್ಲದೆ, ವಿಸ್ತರಿಸಿತು. ಕುಟುಂಬವೊಂದರ ಎಪ್ಪತ್ತು ದಾಟಿದ ಸದಸ್ಯರಿಗೆಲ್ಲ ಸೇರಿ ವರ್ಷಕ್ಕೆ 5 ಲಕ್ಷ ರೂಪಾಯಿಯ ರಕ್ಷಣೆ. ಆಧಾರ್ ಮೂಲಕ ವಯೋವಂದನಾ ಕಾರ್ಡು. ಖಾಸಗಿ ವಿಮೆ ಇದ್ದವರೂ ಇದನ್ನು ಪಡೆಯಬಹುದು. ಕೇಂದ್ರ ಸರಕಾರಿ ನೌಕರರ ಅಥವಾ ಮಾಜಿ ಸೈನಿಕರ ಆರೋಗ್ಯ ಯೋಜನೆಯಲ್ಲಿರುವವರು ಮಾತ್ರ ಎರಡರಲ್ಲೊಂದನ್ನು ಆರಿಸಿಕೊಳ್ಳಬೇಕು. ದಿಲ್ಲಿ ಈ ಯೋಜನೆಗೆ ಸೇರಿದುದು 2025ರ ಏಪ್ರಿಲ್‌ನಲ್ಲಿ. ದೊಡ್ಡ ಖಾಸಗಿ ಆಸ್ಪತ್ರೆಗಳೆಲ್ಲ ಇದರ ಪಟ್ಟಿಯಲ್ಲಿಲ್ಲವೆಂಬುದು ನಿಜ. ಆದುದರಿಂದ ಮನೆಯ ಸಮೀಪದ ಯಾವ ಆಸ್ಪತ್ರೆ ಪಟ್ಟಿಯಲ್ಲಿದೆಯೆಂದು ಮೊದಲೇ ನೋಡಿಟ್ಟುಕೊಳ್ಳಬೇಕು. ಆದರೂ ಪುಕ್ಕಟೆಯಾಗಿ ದೊರೆಯುವ ಈ ರಕ್ಷಣೆಯ ಪ್ರಸ್ತಾಪವನ್ನೇ ಎತ್ತದೆ ಎಪ್ಪತ್ತೈದರ ಹಿರಿಯರಿಗೆ ದುಬಾರಿ ಪಾಲಿಸಿಯನ್ನು ಸೂಚಿಸುವ ಬ್ರೋಕರ್ ನಮ್ಮ ಪಕ್ಷದವರೆಂದು ನಂಬುವುದು ಹೇಗೆ? ಆ ಕಾರ್ಡಿನಲ್ಲಿ ಅವರಿಗೆ ಕಮಿಷನ್ ಇಲ್ಲ, ಅಷ್ಟೆ. ನಿಗದಿತ ಮೊತ್ತದವರೆಗಿನ ವೆಚ್ಚವನ್ನು ನಾವೇ ಭರಿಸಿ ಅದರ ಮೇಲಿನದಕ್ಕೆ ಮಾತ್ರ ವಿಮೆ ಪಡೆಯುವ ‘ಸೂಪರ್ ಟಾಪ್ ಅಪ್’ ಪಾಲಿಸಿಯ ಕಥೆಯೂ ಇದೇ. ಅದರ ಪ್ರೀಮಿಯಂ ಕಡಿಮೆ, ಆದ್ದರಿಂದ ಕಮಿಷನ್ನೂ ಕಡಿಮೆ, ಆದ್ದರಿಂದ ಅದರ ಹೆಸರು ಸಂಭಾಷಣೆಯ ಕೊನೆಗೆ ಬರುತ್ತದೆ, ಬಂದರೆ.

ಹಾಗೆಂದು ಬ್ರೋಕರ್ ಬೇಡವೆ? ಬೇಕು ಎಂಬುದೇ ನಮ್ಮ ಅಭಿಪ್ರಾಯ, ಅದೂ ಹಿರಿಯರ ವಿಷಯದಲ್ಲಿ ವಿಶೇಷವಾಗಿ. ಮೂವತ್ತರ ಆರೋಗ್ಯವಂತ ತರುಣ ಜಾಲತಾಣದಲ್ಲಿ ಹತ್ತು ನಿಮಿಷದಲ್ಲಿ ಪಾಲಿಸಿ ಕೊಳ್ಳಬಹುದು. ಹಿರಿಯರ ಅರ್ಜಿ ಹಾಗಲ್ಲ. ವಯೋಮಿತಿ ಹೋದರೂ ಆರೋಗ್ಯ ಪರೀಕ್ಷಿಸಿ ಅರ್ಜಿಯನ್ನು ತಿರಸ್ಕರಿಸುವ ಅಧಿಕಾರ ಕಂಪನಿಗೆ ಉಳಿದೇ ಇದೆ. ಒಂದು ಕಂಪನಿ ಬೈಪಾಸ್ ಆದವರನ್ನು ತೆಗೆದುಕೊಳ್ಳುವುದೇ ಇಲ್ಲ. ಇನ್ನೊಂದು ಹೆಚ್ಚುವರಿ ಪ್ರೀಮಿಯಂ ಪಡೆದು ತೆಗೆದುಕೊಳ್ಳುತ್ತದೆ. ಮತ್ತೊಂದು ಮೊದಲಿನಿಂದ ಇರುವ ಕಾಯಿಲೆಗೆ ನಿಯಮದ ಗರಿಷ್ಠ ಮಿತಿಯಾದ ಮೂವತ್ತಾರು ತಿಂಗಳು ಕಾಯಿಸುತ್ತದೆ. ಯಾರು ಯಾರನ್ನು ಒಪ್ಪುತ್ತಾರೆಂಬ ಈ ತಿಳಿವಳಿಕೆ ಕರಪತ್ರದಲ್ಲಿ ಅಚ್ಚಾಗುವುದಿಲ್ಲ. ದಿನವೂ ಹತ್ತು ಕಂಪನಿಗಳೊಡನೆ ವ್ಯವಹರಿಸುವವರಿಗೆ ಅದು ಗೊತ್ತಿರುತ್ತದೆ. ಬ್ರೋಕರಿನಿಂದ ಪಡೆಯಬೇಕಾದ ಮೊದಲ ಸೇವೆ ಇದು.

ಎರಡನೆಯದು ಅರ್ಜಿಯ ನಮೂನೆ. ಎಷ್ಟೋ ಮನೆಗಳಲ್ಲಿ ತಂದೆಯವರ ಸಹಿ ಇರುತ್ತದೆ, ಉತ್ತರಗಳನ್ನು ಬೇರೊಬ್ಬರು ತುಂಬಿರುತ್ತಾರೆ. ‘ಬಿಪಿ ಇದೆಯೆಂದು ಬರೆಯಬೇಡಿ, ಸುಮ್ಮನೆ ತೊಂದರೆ’ ಎಂಬ ಸಲಹೆ ಪಾಲಿಸಿ ಮಾರುವವರಿಂದಲೇ ಬಂದರೆ ಅಚ್ಚರಿಯಿಲ್ಲ. ಆ ಕ್ಷಣದಲ್ಲಿ ಅದು ಉಪಕಾರದಂತೆ ಕಾಣುತ್ತದೆ. 2009ರಲ್ಲಿ ಸುಪ್ರೀಂ ಕೋರ್ಟ್ ಮೆಡಿಕ್ಲೇಮ್ ಪ್ರಕರಣವೊಂದರಲ್ಲಿ, ಮಧುಮೇಹ ಮತ್ತು ಮೂತ್ರಪಿಂಡದ ಕಾಯಿಲೆಯನ್ನು ಮುಚ್ಚಿಟ್ಟುದರಿಂದ ಕಂಪನಿ ಕ್ಲೇಮನ್ನು ನಿರಾಕರಿಸಿದುದು ಸರಿಯೆಂದು ತೀರ್ಪಿತ್ತಿತು. 2021ರ ಡಿಸೆಂಬರಿನಲ್ಲಿ ಅದೇ ನ್ಯಾಯಾಲಯ ಮತ್ತೊಂದು ಪ್ರಕರಣದಲ್ಲಿ, ಮಧುಮೇಹವಿದೆಯೆಂದು ತಿಳಿಸಿದವರನ್ನು ವೈದ್ಯಕೀಯ ತಪಾಸಣೆ ಮಾಡಿ ಪಾಲಿಸಿ ಕೊಟ್ಟ ಮೇಲೆ, ಅದೇ ಆರೋಗ್ಯಸ್ಥಿತಿಯ ಕಾರಣವೊಡ್ಡಿ ಕ್ಲೇಮನ್ನು ನಿರಾಕರಿಸುವಂತಿಲ್ಲವೆಂದು ಹೇಳಿತು. ಎರಡು ತೀರ್ಪುಗಳ ನಡುವಿನ ಅಂತರ ಅರ್ಜಿಯಲ್ಲಿ ಬರೆದ ಒಂದು ಸಾಲಿನಷ್ಟು. ಆ ಸಾಲನ್ನು ಬರೆಯಿಸುವ ಬ್ರೋಕರ್ ಬೇಕು, ಅಳಿಸುವವರಲ್ಲ. ಹಳೆಯ ಆಸ್ಪತ್ರೆ ಕಾಗದಗಳನ್ನೂ ಔಷಧಿಗಳ ಪಟ್ಟಿಯನ್ನೂ ಅರ್ಜಿಯ ಜತೆಗೆ ಲಗತ್ತಿಸಿ, ಕಳುಹಿಸಿದ ಅರ್ಜಿಯ ನಕಲನ್ನು ಕೇಳಿ ಇಟ್ಟುಕೊಳ್ಳಬೇಕು. 2024ರ ನಿಯಮದಂತೆ ಸತತ ಅರವತ್ತು ತಿಂಗಳು ಪಾಲಿಸಿ ನಡೆದ ಬಳಿಕ, ಸಾಬೀತಾದ ವಂಚನೆಯ ಹೊರತು, ಮುಚ್ಚಿಟ್ಟಿರೆಂದು ಕಂಪನಿ ತಕರಾರು ತೆಗೆಯುವಂತಿಲ್ಲ. ಆದರೆ ಎಪ್ಪತ್ತರಲ್ಲಿ ಪಾಲಿಸಿ ಕೊಂಡವರಿಗೆ ಐದು ವರ್ಷ ಆಸ್ಪತ್ರೆಯ ಮೆಟ್ಟಿಲು ಹತ್ತದೆ ಇರುವ ಭರವಸೆ ಯಾರು ಕೊಟ್ಟಾರು?

ಮೂರನೆಯದು ಲೆಕ್ಕ. ಕಾಲ್ಪನಿಕವಾದ ಒಂದು ಬಿಲ್ಲನ್ನು ತೆಗೆದುಕೊಳ್ಳೋಣ. ಒಟ್ಟು ವಿಮಾ ಮೊತ್ತ 3 ಲಕ್ಷ ರೂಪಾಯಿ. ಕೊಠಡಿ ಬಾಡಿಗೆಗೆ ಅದರ ಶೇಕಡಾ 1, ಅಂದರೆ ದಿನಕ್ಕೆ 3,000 ರೂಪಾಯಿಯ ಮಿತಿ. ಜತೆಗೆ ಶೇಕಡಾ 20 ಸಹಪಾವತಿ. ಮುಂಬಯಿಯ ಆಸ್ಪತ್ರೆಯಲ್ಲಿ ದಿನಕ್ಕೆ 6,000 ರೂಪಾಯಿಯ ಕೊಠಡಿಯಲ್ಲಿ ಐದು ದಿನ ಇದ್ದು ಬಿಲ್ಲು 3 ಲಕ್ಷವಾಯಿತೆನ್ನಿ: ಕೊಠಡಿ 30,000, ಔಷಧಿ, ತಪಾಸಣೆ, ಕೃತಕ ಅಂಗಾಂಶ ಇತ್ಯಾದಿ 1 ಲಕ್ಷ, ಶಸ್ತ್ರಚಿಕಿತ್ಸೆ ಮತ್ತು ವೈದ್ಯರ ಶುಲ್ಕ ಇತ್ಯಾದಿ 1,70,000. ಕೊಠಡಿ ಮಿತಿಯ ಇಮ್ಮಡಿಯಾದುದರಿಂದ ಬಾಡಿಗೆಯಲ್ಲಿ 15,000 ಮಾತ್ರ ಸಿಗುತ್ತದೆ. ಶಸ್ತ್ರಚಿಕಿತ್ಸೆಯ ಶುಲ್ಕವೂ ಅದೇ ಪ್ರಮಾಣದಲ್ಲಿ ಕಡಿತಗೊಂಡು 85,000ಕ್ಕೆ ಇಳಿಯುತ್ತದೆ. ಔಷಧಿ ತಪಾಸಣೆಗಳಿಗೆ ಈ ಕಡಿತ ಅನ್ವಯಿಸಬಾರದೆಂದು 2020ರಲ್ಲಿ ನಿಯಮವಾದುದು ಪುಣ್ಯ. ಹೀಗೆ ಒಪ್ಪಿತವಾದ 2 ಲಕ್ಷದಲ್ಲಿ ಸಹಪಾವತಿಯ 40,000 ಕಳೆದರೆ ಕಂಪನಿ ಕೊಡುವುದು 1,60,000. ‘ಮೂರು ಲಕ್ಷದ ಪಾಲಿಸಿ’ಯಿದ್ದೂ ಕುಟುಂಬ ಕೈಯಿಂದ ಕೊಡುವುದು 1,40,000. ಇಂಥ ಲೆಕ್ಕವನ್ನು ಪಾಲಿಸಿ ಕೊಳ್ಳುವ ಮೊದಲು ಕಾಗದದ ಮೇಲೆ ಮಾಡಿ ತೋರಿಸಬಲ್ಲ ಬ್ರೋಕರ್ ಸಿಕ್ಕರೆ ಅವರ ಕಮಿಷನ್ ಬಗ್ಗೆ ನಮಗೆ ಕಿಂಚಿತ್ತೂ ಅಸೂಯೆಯಿಲ್ಲ.

ಹೊರನಾಡ ಕನ್ನಡಿಗರಿಗೇ ವಿಶಿಷ್ಟವಾದ ತೊಡಕೊಂದನ್ನು ಇಲ್ಲಿ ಹೇಳಲೇಬೇಕು. ನಮ್ಮ ಅನೇಕ ಹಿರಿಯರು ವರ್ಷದ ಕೆಲವು ತಿಂಗಳು ಮಗನ ಮನೆಯಲ್ಲಿ, ಉಳಿದ ಕಾಲ ಊರಿನಲ್ಲಿ. ಮಳೆಗಾಲಕ್ಕೆ ಮುಂಬಯಿ, ಜಾತ್ರೆ ನೇಮಗಳಿಗೆ ಉಡುಪಿ ಕುಂದಾಪುರ. ಅನೇಕ ಪಾಲಿಸಿಗಳಲ್ಲಿ ದೇಶವನ್ನು ವಲಯಗಳಾಗಿ ವಿಂಗಡಿಸಿ, ಮುಂಬಯಿ ದಿಲ್ಲಿಯಂಥ ನಗರಗಳಿಗೆ ಹೆಚ್ಚಿನ ಪ್ರೀಮಿಯಂ, ಸಣ್ಣ ಊರುಗಳಿಗೆ ಕಡಿಮೆ ಪ್ರೀಮಿಯಂ ನಿಗದಿ ಮಾಡಿರುತ್ತಾರೆ. ಊರಿನ ವಿಳಾಸ ಕೊಟ್ಟರೆ ಅಗ್ಗ ಎಂದು ಸಲಹೆ ಕೊಡುವವರಿದ್ದಾರೆ. ಆದರೆ ಕೆಳ ವಲಯದ ಪಾಲಿಸಿ ಹಿಡಿದು ಮೇಲಿನ ವಲಯದ ನಗರದಲ್ಲಿ ಚಿಕಿತ್ಸೆ ಪಡೆದರೆ ಬಿಲ್ಲಿನ ಒಂದು ಪಾಲನ್ನು ನಾವೇ ಕೊಡಬೇಕೆಂಬ ಷರತ್ತು ಅಂಥ ಪಾಲಿಸಿಗಳಲ್ಲಿ ಸಾಮಾನ್ಯ. ಕಾಯಿಲೆ ಗಂಭೀರವಾದಾಗ ಊರಿನಿಂದ ಮಗನ ಬಳಿಗೆ, ಅಥವಾ ಇಲ್ಲಿಂದ ಮಣಿಪಾಲ ಮಂಗಳೂರಿಗೆ ಓಡುವ ನಮ್ಮ ವಾಡಿಕೆಯನ್ನು ಬ್ರೋಕರಿಗೆ ಮೊದಲೇ ವಿವರಿಸಿ, ಎರಡೂ ಕಡೆ ನಗದುರಹಿತ ಚಿಕಿತ್ಸೆ ಸಿಗುವ ಆಸ್ಪತ್ರೆಗಳ ಹೆಸರನ್ನು ಬರೆಯಿಸಿಕೊಳ್ಳಬೇಕು.

ಗುಂಪು ವಿಮೆಯನ್ನು ನಂಬಿ ಕೂತವರ ಸಂಗತಿ ಇನ್ನೊಂದು ಬಗೆಯದು. ಮಗನ ಕಂಪನಿಯ ಗುಂಪು ಪಾಲಿಸಿಯಲ್ಲಿ ತಂದೆತಾಯಿಯರ ಹೆಸರಿದೆಯೆಂದು ನಿಶ್ಚಿಂತರಾಗಿರುವ ಮನೆಗಳು ಪುಣೆ, ಹೈದರಾಬಾದ್, ಚೆನ್ನೈಗಳಲ್ಲಿ ಬಹಳ. ಕೆಲಸ ಹೋದ ದಿನ ಆ ರಕ್ಷಣೆಯೂ ಹೋಗುತ್ತದೆ. ಆಗ ತಂದೆಗೆ ಎಪ್ಪತ್ತಾಗಿರುತ್ತದೆ. ಗುಂಪಿನಿಂದ ಹೊರಬರುವಾಗ ಅದೇ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗಾಯಿಸಿಕೊಂಡು, ಕಳೆದ ವರ್ಷಗಳ ಕಾಯುವ ಅವಧಿಯ ಲಾಭ ಪಡೆಯಲು ಅವಕಾಶವಿದೆ. ಕಂಪನಿಯ ಒಪ್ಪಿಗೆ ಬೇಕು. ರಕ್ಷಣೆ ಮುಗಿಯುವ ಮೊದಲೇ ಅರ್ಜಿ ಹಾಕಬೇಕು. ಸಿಂಡಿಕೇಟ್, ಕಾರ್ಪೊರೇಶನ್, ವಿಜಯಾ ಬ್ಯಾಂಕುಗಳಲ್ಲಿ ದುಡಿದು ಮಹಾನಗರಗಳಲ್ಲೇ ನಿವೃತ್ತರಾದ ನಮ್ಮವರು ಅನೇಕರು. ಆ ಬ್ಯಾಂಕುಗಳು 2019 ಮತ್ತು 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದರೂ, 2015ರ ದ್ವಿಪಕ್ಷೀಯ ಒಪ್ಪಂದದ ಬಳಿಕ ಆರಂಭವಾದ ನಿವೃತ್ತರ ಗುಂಪು ವಿಮೆ ನವೆಂಬರಿನಿಂದ ನವೆಂಬರಿಗೆ ನವೀಕರಣಗೊಳ್ಳುತ್ತ ಬಂದಿದೆ. ಪ್ರೀಮಿಯಂ ಏರುತ್ತ ಹೋದಾಗ ಸಹಿಸದೆ ಹೊರಬಂದವರಿದ್ದಾರೆ. ಹೊರಬರುವ ಮೊದಲು ಪರ್ಯಾಯ ಪಾಲಿಸಿ ಕೈಗೆ ಬಂದಿದೆಯೆ ಎಂದು ನೋಡಿಕೊಳ್ಳಬೇಕು. ಬ್ರೋಕರ್ ‘ಖಂಡಿತ ಸಿಗುತ್ತದೆ’ ಎಂದ ಮಾತ್ರಕ್ಕೆ ಹಳೆಯದನ್ನು ಕೈಬಿಡುವುದು ಅಪಾಯ. ವೈಯಕ್ತಿಕ ಪಾಲಿಸಿಯನ್ನು ಕಂಪನಿಯಿಂದ ಕಂಪನಿಗೆ ಸಾಗಿಸುವ ಸೌಲಭ್ಯ 2011ರ ಅಕ್ಟೋಬರಿನಿಂದ ಇದೆ; ಅಲ್ಲಿಯೂ ನವೀಕರಣಕ್ಕೆ ಒಂದೂವರೆ ತಿಂಗಳು ಮುಂಚೆಯೇ ಹೊರಡುವುದು ಕ್ಷೇಮ.

ಬ್ರೋಕರ್ ಹತ್ತಿರ ಹೋಗುವುದು ನಿಶ್ಚಯವಾದ ಮೇಲೆ ಮಾಡಬೇಕಾದುದು ಒಂದೇ: ಎಲ್ಲವನ್ನೂ ಬರಹಕ್ಕೆ ತರುವುದು. ಸಂಸ್ಥೆಯ ನೋಂದಣಿ ಸಂಖ್ಯೆಯನ್ನು ಪಡೆದು ಪ್ರಾಧಿಕಾರದ ಪಟ್ಟಿಯಲ್ಲಿ ನೋಡಿ. ಕನಿಷ್ಠ ಮೂರು ಪಾಲಿಸಿಗಳ ಹೋಲಿಕೆಯನ್ನು, ಏಕೆ ಇದನ್ನೇ ಸೂಚಿಸುತ್ತಿದ್ದೇವೆಂಬ ಕಾರಣದೊಡನೆ, ಇ-ಮೇಲ್ ಮೂಲಕ ಕೇಳಿ. ಯಾವ ಕಂಪನಿ ನಮ್ಮ ಹಿರಿಯರನ್ನು ನಿರಾಕರಿಸಿತು, ಏಕೆ ಎಂಬುದನ್ನೂ ಕೇಳಿ. ಅದು ಮುಂದಿನ ಅರ್ಜಿಗೆ ಬೇಕಾಗುತ್ತದೆ. ಕಮಿಷನ್ ಎಷ್ಟೆಂದು ವಿಚಾರಿಸುವುದು ಗ್ರಾಹಕನ ಹಕ್ಕು, ಅಸಭ್ಯತೆಯಲ್ಲ. ಆಸ್ಪತ್ರೆಗೆ ಸೇರಿದ ರಾತ್ರಿ ಯಾರಿಗೆ ಕರೆ ಮಾಡಬೇಕೆಂಬ ಪ್ರಶ್ನೆಗೆ ಕರೆ ಕೇಂದ್ರದ ಸಂಖ್ಯೆಯೊಂದನ್ನೇ ಕೊಡುವವರಿಗಿಂತ ಒಬ್ಬ ವ್ಯಕ್ತಿಯ ಹೆಸರು ಕೊಡುವವರು ಮೇಲು. ನಗದುರಹಿತ ಚಿಕಿತ್ಸೆಯ ಮನವಿಗೆ ಒಂದು ಗಂಟೆಯೊಳಗೆ, ಬಿಡುಗಡೆಯ ಅಂತಿಮ ಮಂಜೂರಾತಿಗೆ ಮೂರು ಗಂಟೆಯೊಳಗೆ ಕಂಪನಿ ಉತ್ತರಿಸಬೇಕೆಂದು 2024ರ ಮೇ ತಿಂಗಳ ಸುತ್ತೋಲೆ ಹೇಳುತ್ತದೆ. ಗಡಿಯಾರ ನೋಡಿ ಕಂಪನಿಯನ್ನು ಎಚ್ಚರಿಸುವ ಕೆಲಸ ಬ್ರೋಕರಿನದು. ವಾರ್ಡಿನ ಹೊರಗೆ ನಿಂತ ಎಪ್ಪತ್ತರ ಪತ್ನಿಯದಲ್ಲ.

ಪಾಲಿಸಿ ಕೈಗೆ ಬಂದ ಮೇಲೆ ಓದಿ ನೋಡಲು ಮೂವತ್ತು ದಿನಗಳಿವೆ. ಹೇಳಿದ್ದಕ್ಕೂ ಬರೆದದ್ದಕ್ಕೂ ಹೊಂದದಿದ್ದರೆ ಆ ಅವಧಿಯೊಳಗೆ ಮರಳಿಸಬಹುದು. ಜತೆಗೆ ಬರುವ ಗ್ರಾಹಕ ಮಾಹಿತಿ ಪತ್ರದಲ್ಲಿ ಸಹಪಾವತಿ, ಕಾಯುವ ಅವಧಿ, ಕೊಠಡಿ ಮಿತಿಗಳು ಸಂಕ್ಷೇಪವಾಗಿರುತ್ತವೆ. ಪೂರ್ಣ ಪಾಲಿಸಿಯನ್ನು ಓದುವ ತಾಳ್ಮೆಯಿಲ್ಲದವರು ಅದನ್ನಾದರೂ ಓದಬೇಕು. ಮುಂದೆ ವ್ಯಾಜ್ಯವಾದರೆ ವಿಮಾ ಓಂಬುಡ್ಸ್‌ಮನ್ ಇದ್ದಾರೆ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದಿಲ್ಲಿ, ಬೆಂಗಳೂರುಗಳಲ್ಲಿ ಅವರ ಕಚೇರಿಗಳಿವೆ. ಶುಲ್ಕವಿಲ್ಲ, ವಕೀಲರ ಅಗತ್ಯವಿಲ್ಲ. 2023ರಿಂದ 50 ಲಕ್ಷ ರೂಪಾಯಿವರೆಗಿನ ಪ್ರಕರಣಗಳನ್ನು ವಿಚಾರಿಸುವ ಅಧಿಕಾರ ಅವರಿಗಿದೆ. ಕಂಪನಿಯ ನಿರಾಕರಣೆ ಬಂದ ಒಂದು ವರ್ಷದೊಳಗೆ ದೂರು ಕೊಡಬೇಕು. 2021ರ ತಿದ್ದುಪಡಿಯ ಬಳಿಕ ಬ್ರೋಕರುಗಳ ಸೇವಾಲೋಪದ ವಿರುದ್ಧವೂ ಅಲ್ಲಿಯೇ ದೂರು ಸಲ್ಲಿಸಬಹುದು, ಆ ಇ-ಮೇಲ್‌ಗಳನ್ನು ತೆಗೆದಿಟ್ಟುಕೊಂಡಿದ್ದರೆ.